ಚಪ್ಪಾಳೆ ಹೊಡೆದ ಮೇಲಿನ 26 ವರ್ಷ

ಅಕ್ಕನ ಮಗಳು ಕೆಎಎಸ್‌ಗೆ ಓದುತ್ತಿದ್ದಾಳೆ. ಅವಳ ಜೊತೆ ಇತಿಹಾಸದ ಸಿನಿಮಾ ನೋಡೋದು ಅಂದರೆ ಅರ್ಧ ಸಿನಿಮಾ, ಅರ್ಧ ಪಾಠ. ಹೋದ ಮಳೆಗಾಲದಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ಒಂದು ಸಂಜೆ ‘ಅಮೇಜಿಂಗ್ ಗ್ರೇಸ್’ ಹಾಕಿದೆವು. 2006ರ ಸಿನಿಮಾ. ಬ್ರಿಟನ್ನಿನ ಗುಲಾಮರ ವ್ಯಾಪಾರ ನಿಲ್ಲಿಸಲು ಸಂಸತ್ತಿನಲ್ಲಿ ವರ್ಷಗಟ್ಟಲೆ ಹೋರಾಡಿದ ವಿಲ್ಬರ್‌ಫೋರ್ಸ್‌ನ ಕತೆ.

"ಮಾವ, ಸ್ವಲ್ಪ ನಿಲ್ಸಿ" ಅಂದಳು. ರಾಜನ ಮಗ ಡ್ಯೂಕ್ ಆಫ್ ಕ್ಲಾರೆನ್ಸ್ ಕಾಮನ್ಸ್ ಸಭೆಯಲ್ಲಿ, ಅಂದರೆ ಚುನಾಯಿತರ ಕೆಳಮನೆಯಲ್ಲಿ, ಕೂತಿದ್ದ. "ಇವನು ಲಾರ್ಡ್ಸ್‌ನಲ್ಲಿ ಇರಬೇಕಾದವನು ಅಲ್ವಾ?" ಹೌದು, ರಾಜಮನೆತನದವರು, ಕುಲೀನರು ಕೂರುತ್ತಿದ್ದ ಮೇಲ್ಮನೆ ಅದು. ಅವನು ಗುಲಾಮರ ವ್ಯಾಪಾರದ ಪರ ಮಾತಾಡಿದ್ದೇನೋ ನಿಜ, ಮಾತಾಡಿದ್ದು ಮಾತ್ರ ಲಾರ್ಡ್ಸ್‌ನಲ್ಲಿ. ಕೊನೆಗೆ 1807ರ ಮತದಾನ ಬಂತು. ವಿಲ್ಬರ್‌ಫೋರ್ಸ್‌ನ ಪರ ನಿಂತಿದ್ದ ಸಂಸದ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಎದ್ದು ವಿಲ್ಬರ್‌ಫೋರ್ಸ್‌ನನ್ನು ಹೊಗಳಿದ. ಅವಳು ನಕ್ಕೇಬಿಟ್ಟಳು. ಫಾಕ್ಸ್ 1806ರ ಸೆಪ್ಟೆಂಬರ್‌ನಲ್ಲೇ ತೀರಿಕೊಂಡಿದ್ದ! ಆ ದಿನ ನಿಜಕ್ಕೂ ಹಾಗೆ ಹೊಗಳಿದವನು ಸ್ಯಾಮ್ಯುಯಲ್ ರೊಮಿಲಿ.

ನನಗೆ ಇದರ ಬಗ್ಗೆ ಅಷ್ಟೇನೂ ತಕರಾರಿಲ್ಲ. ರೊಮಿಲಿ ಯಾರು ಅಂತ ಹೇಳೋಕೆ ಇನ್ನೊಂದು ಹತ್ತು ನಿಮಿಷ ಬೇಕಿತ್ತು. ಫಾಕ್ಸ್ ಆದರೆ ಮೊದಲಿನಿಂದ ನೋಡಿದ ಮುಖ. ನನ್ನ ತಕರಾರು ಬೇರೆ.

ಪರ 283, ವಿರುದ್ಧ 16. ಸಭೆಗೆ ಸಭೆಯೇ ಎದ್ದು ಚಪ್ಪಾಳೆ ಹೊಡೆಯಿತು. ಮಂಡಕ್ಕಿ ತಟ್ಟೆ ಹಿಡಿದು ನಿಂತೇ ನೋಡುತ್ತಿದ್ದ ಅಕ್ಕ ಕಣ್ಣೊರೆಸಿಕೊಂಡು, "ಸದ್ಯ, ಪಾಪ ಅವರಿಗೆಲ್ಲ ಬಿಡುಗಡೆ ಆಯ್ತಲ್ಲ" ಅಂದಳು.

ಆಗಿರಲಿಲ್ಲ. 1807ರ ಕಾನೂನು ನಿಲ್ಲಿಸಿದ್ದು ವ್ಯಾಪಾರವನ್ನು. ಜಮೈಕಾ, ಬಾರ್ಬಡೋಸ್‌ನ ಕಬ್ಬಿನ ಗದ್ದೆಗಳಲ್ಲಿ ಇದ್ದವರು ಗುಲಾಮರಾಗೇ ಉಳಿದರು. 1831ರ ಕ್ರಿಸ್‌ಮಸ್ ಹೊತ್ತಿಗೆ ಜಮೈಕಾದಲ್ಲಿ ಅವರೇ ದಂಗೆ ಎದ್ದರು. ಮುಂದಾಳು ಸ್ಯಾಮ್ ಶಾರ್ಪ್‌ನನ್ನು ಗಲ್ಲಿಗೇರಿಸಿದರು. ಗುಲಾಮಗಿರಿಯನ್ನೇ ರದ್ದು ಮಾಡುವ ಕಾನೂನು ಬಂದಿದ್ದು 1833ರಲ್ಲಿ. ಅದಾದ ಮೇಲೂ ‘ಅಪ್ರೆಂಟಿಸ್’ ಅಂತ ಹೆಸರು ಬದಲಿಸಿ, ಅದೇ ಧಣಿಗಳ ಹತ್ತಿರ 1838ರವರೆಗೆ ದುಡಿಸಿಕೊಂಡರು. 2 ಕೋಟಿ ಪೌಂಡ್ ಪರಿಹಾರ ಬೇರೆ ಕೊಟ್ಟರು. ಧಣಿಗಳಿಗೆ!

"ದುಡ್ಡು ಧಣಿಗಳಿಗಾ?" ಅಕ್ಕ ಎರಡೆರಡು ಸಲ ಕೇಳಿದಳು. ಆ ಪರಿಹಾರಕ್ಕೆಂದು ಮಾಡಿದ ಸಾಲದ ಕೊನೆಯ ಬಾಕಿಯನ್ನು ಬ್ರಿಟನ್ ತೀರಿಸಿದ್ದು 2015ರಲ್ಲಿ ಅಂದೆ. ನಂಬಲಿಲ್ಲ. ಮಗಳು ಮೊಬೈಲ್‌ನಲ್ಲಿ ಹುಡುಕಿ ತೋರಿಸಬೇಕಾಯಿತು.

ಫಾಕ್ಸ್‌ನನ್ನು ಒಂದಷ್ಟು ತಿಂಗಳು ಜಾಸ್ತಿ ಬದುಕಿಸಿದ್ದಕ್ಕಿಂತ, ಚಪ್ಪಾಳೆಯ ಹೊತ್ತಿಗೆ ಸರಿಯಾಗಿ ಕತೆ ಮುಗಿಸಿದ್ದೇ ದೊಡ್ಡ ಸುಳ್ಳು ಅಂತ ನನಗನ್ನಿಸುತ್ತದೆ.

"ಆಗ ನಮ್ಮ ಕಡೆ?" ಅಕ್ಕನ ಮುಂದಿನ ಪ್ರಶ್ನೆ. ಮಗಳ ನೋಟ್ಸ್‌ನಲ್ಲಿ ಉತ್ತರ ಇತ್ತು. 1833ರ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಹೊರಗಿಟ್ಟಿತ್ತು. ಅಂದರೆ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಮಂಗಳೂರು, ಬಳ್ಳಾರಿಗಳೂ ಹೊರಗೆ. ಇಲ್ಲಿಗೆ 1843ರಲ್ಲಿ, ಆ ವರ್ಷದ ಐದನೇ ಆಕ್ಟ್ ಆಗಿ, ಕಾನೂನು ಬಂತು. ಗುಲಾಮ ತನ್ನ ಸ್ವತ್ತು ಅಂತ ಯಾರಾದರೂ ಹೇಳಿಕೊಂಡು ಬಂದರೆ ಕೋರ್ಟು ಒಪ್ಪಬಾರದು ಅನ್ನೋದು ಅದರ ಮುಖ್ಯ ಮಾತು. ಗುಲಾಮರನ್ನು ಇಟ್ಟುಕೊಳ್ಳೋದು ಅಪರಾಧ ಆಗಿದ್ದು 1860ರ ದಂಡ ಸಂಹಿತೆಯಲ್ಲಿ.

"ಅಲ್ಲ, ಗದ್ದೇಲಿ ದುಡಿಯೋನಿಗೆ ಈ ಕಾನೂನು ಬಂದಿದ್ದು ಯಾರು ಹೇಳ್ತಿದ್ರು? ಧಣಿ ಹೇಳ್ತಾನಾ?"

ಮಗಳು ನೋಟ್ಸ್ ತಿರುವಿ ನೋಡಿದಳು. ಆಕ್ಟ್‌ನಲ್ಲಿ ಇದ್ದಿದ್ದು ನಾಲ್ಕೇ ಕಲಮು. ಅವನಿಗೆ ತಿಳಿಸಬೇಕು ಅಂತ ಒಂದರಲ್ಲೂ ಇರಲಿಲ್ಲ.