ಕ್ಯಾಬಿನ್ ಬಿಲ್ಲಿನ ಕೊನೆಯ ಸಾಲು: ಹಳ್ಳಿಗಾಡಿನ ಕೌಂಟಿ ಪ್ರವಾಸಿಗರನ್ನು ಕರೆಸುವ ಲೆಕ್ಕ

ಅಮೆರಿಕದ ಶಾರ್ಲಟ್, ರಾಲಿ, ಅಟ್ಲಾಂಟಾ ಕಡೆಯ ಕನ್ನಡಿಗರು ಅಕ್ಟೋಬರ್ ಬಂತೆಂದರೆ ಎಲೆಯ ಬಣ್ಣ ನೋಡಲು ಸ್ಮೋಕಿ ಬೆಟ್ಟಗಳ ಕಡೆ ಕಾರು ತಿರುಗಿಸುತ್ತಾರೆ. ಕ್ಯಾಬಿನ್ನಿನ ಬಿಲ್ಲು ನೋಡಿದರೆ ಮಾರಾಟ ತೆರಿಗೆಯ ಕೆಳಗೆ ಇನ್ನೊಂದು ಸಾಲಿರುತ್ತದೆ: ಆಕ್ಯುಪೆನ್ಸಿ ಟ್ಯಾಕ್ಸ್. ನಮ್ಮ ಮಾತಿನಲ್ಲಿ ರೂಮ್ ತೆರಿಗೆ. ಆ ಕಡೆಯ ಸಣ್ಣ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಪ್ರವಾಸೋದ್ಯಮ ಪ್ರಚಾರವೆಲ್ಲ ನಡೆಯುವುದು ಈ ಒಂದು ಸಾಲಿನ ದುಡ್ಡಿನಲ್ಲಿ.

ನಾರ್ತ್ ಕ್ಯಾರೊಲಿನಾದ ಸ್ವೇನ್ ಕೌಂಟಿಯನ್ನೇ ನೋಡಿ. ಅದರ ನೆಲದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ನ್ಯಾಷನಲ್ ಪಾರ್ಕ್, ನ್ಯಾಷನಲ್ ಫಾರೆಸ್ಟ್, ಚೆರೋಕಿ ಜನರ ಭೂಮಿ. ಅಲ್ಲಿಂದ ಕೌಂಟಿಗೆ ಆಸ್ತಿ ತೆರಿಗೆ ಹುಟ್ಟುವುದಿಲ್ಲ. ಗ್ರೇಟ್ ಸ್ಮೋಕಿ ಮೌಂಟನ್ಸ್ ಪಾರ್ಕಿಗೆ ವರ್ಷಕ್ಕೆ ಸುಮಾರು 1.2 ಕೋಟಿ ಭೇಟಿಗಳಾಗುತ್ತವೆ, ಆದರೆ ಪ್ರವೇಶ ಶುಲ್ಕವೇ ಇಲ್ಲ. 2023ರ ಮಾರ್ಚ್ 1ರಿಂದ 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾರು ನಿಲ್ಲಿಸಿದರೆ ದಿನಕ್ಕೆ 5 ಡಾಲರಿನ ಚೀಟಿ ಕಡ್ಡಾಯವಾಗಿದೆ. ಆ ಹಣ ಪಾರ್ಕಿನದು, ಕೌಂಟಿಯದಲ್ಲ. ಬೆಳಿಗ್ಗೆ ಬಂದು, ಜಲಪಾತ ನೋಡಿ, ಸಂಜೆಗೆ ಮನೆ ಸೇರುವವರಿಂದ ಕೌಂಟಿಗೆ ದಕ್ಕುವುದು ಊಟ, ಪೆಟ್ರೋಲಿನ ವ್ಯಾಪಾರ ಮತ್ತು ಒಂದಷ್ಟು ಕಸ. ರಾತ್ರಿ ಅಲ್ಲೇ ಮಲಗಿದವರಿಂದ ಮಾತ್ರ ಪ್ರಚಾರದ ಖಜಾನೆಗೆ ಕಾಸು.

ಈ ತೆರಿಗೆ ಹಾಕುವುದು ಕೌಂಟಿಯ ಚುನಾಯಿತ ಆಡಳಿತಗಾರರಾದ ಕಮಿಷನರ್‌ಗಳ ಇಷ್ಟಕ್ಕೆ ಬಿಟ್ಟದ್ದಲ್ಲ. ಮೊದಲು ರಾಜ್ಯದ ಶಾಸನಸಭೆ ಆ ಕೌಂಟಿಯ ಹೆಸರಿಗೇ ಒಂದು ಸ್ಥಳೀಯ ಕಾಯ್ದೆ ಮಾಡಿ ಅನುಮತಿ ಕೊಡಬೇಕು. ಆಮೇಲೆ ಕನಿಷ್ಠ 10 ದಿನ ಮುಂಚಿತವಾಗಿ ಪ್ರಕಟಣೆ ಕೊಟ್ಟು, ಸಾರ್ವಜನಿಕ ಸಭೆ ನಡೆಸಿ, ನಿರ್ಣಯ ಅಂಗೀಕರಿಸಬೇಕು. ಹೆಚ್ಚಿನ ಕಡೆ ಮೇಲ್ಮಿತಿ ಶೇ. 6. ಸಂಗ್ರಹವಾದ ಹಣ ಟಿಡಿಎ ಎಂದು ಕರೆಯುವ ಟೂರಿಸಂ ಡೆವಲಪ್‌ಮೆಂಟ್ ಅಥಾರಿಟಿಗೆ ಹೋಗುತ್ತದೆ. ಇಂಥ ಸ್ಥಳೀಯ ಕಾಯ್ದೆಗಳಿಗೆ ಇಟ್ಟುಕೊಂಡಿರುವ ಮಾದರಿಯ ಪ್ರಕಾರ ಅದರ ಸದಸ್ಯರಲ್ಲಿ ಮೂರನೇ ಒಂದು ಭಾಗವಾದರೂ ಈ ತೆರಿಗೆ ವಸೂಲಿ ಮಾಡುವ ಹೋಟೆಲ್, ಕ್ಯಾಬಿನ್ ಕಡೆಯವರಾಗಿರಬೇಕು. ಅರ್ಧದಷ್ಟಾದರೂ ಪ್ರವಾಸೋದ್ಯಮದ ಪ್ರಚಾರದಲ್ಲಿ ತೊಡಗಿರುವವರಾಗಿರಬೇಕು. ಗ್ರಾಹಕರ ಮುಂದೆ ಬಿಲ್ಲು ಇಟ್ಟು ಬೈಗುಳ ತಿನ್ನುವವರಿಗೇ ಖರ್ಚಿನಲ್ಲಿ ಮಾತಿರಲಿ ಎಂಬ ಲೆಕ್ಕಾಚಾರ ಇದು. ಸರಿಯಾದ ಲೆಕ್ಕಾಚಾರವೇ.

ಈಗ ದುಡ್ಡಿಗೆ ಬರೋಣ. 300 ರೂಮುಗಳಿರುವ ಒಂದು ಸಣ್ಣ ಕೌಂಟಿ ಇದೆ ಎಂದಿಟ್ಟುಕೊಳ್ಳಿ. ವರ್ಷದ ಸರಾಸರಿ ಭರ್ತಿ ಶೇ. 45, ರಾತ್ರಿಯ ಸರಾಸರಿ ಬಾಡಿಗೆ 110 ಡಾಲರ್. ಒಟ್ಟು 49,275 ರಾತ್ರಿ, 54.2 ಲಕ್ಷ ಡಾಲರ್ ಬಾಡಿಗೆ. ಶೇ. 3ರ ತೆರಿಗೆಯಲ್ಲಿ ಸುಮಾರು 1,62,600 ಡಾಲರ್ ಬರುತ್ತದೆ. ವಸೂಲಿಯ ಖರ್ಚಿಗೆಂದು ಕೌಂಟಿಯ ಫೈನಾನ್ಸ್ ಆಫೀಸರ್ ಮೊದಲ 5 ಲಕ್ಷ ಡಾಲರಿನ ಮೇಲೆ ಶೇ. 3ರವರೆಗೆ ಮುರಿದುಕೊಳ್ಳಬಹುದು. ಉಳಿದದ್ದು 1,57,700. ಅದರಲ್ಲಿ ಕನಿಷ್ಠ ಮೂರನೇ ಎರಡು ಪಾಲು, ಅಂದರೆ 1,05,000 ಡಾಲರಿನಷ್ಟು, ಪ್ರಚಾರಕ್ಕೇ ಹೋಗಬೇಕು. ಮಿಕ್ಕ 52,500 ಡಾಲರನ್ನು ಪ್ರವಾಸಿಗರನ್ನು ಸೆಳೆಯುವ ಕಾಮಗಾರಿಗೂ ಬಳಸಬಹುದು: ನದಿಗೆ ಇಳಿಯುವ ಮೆಟ್ಟಿಲು, ದಾರಿಫಲಕ, ಶೌಚಾಲಯ ಇಂಥವು.

1,05,000 ಎಂದ ಕೂಡಲೇ ಕಣ್ಣರಳುತ್ತದೆ. ಅಲ್ಲೇ ಮೊದಲ ಹೊಂಡ. ಕಾಯ್ದೆಯ ಪ್ರಕಾರ ಪ್ರಚಾರದ ಆಡಳಿತ ಖರ್ಚೂ ಪ್ರಚಾರವೇ. ಪೂರ್ಣಾವಧಿ ನಿರ್ದೇಶಕರೊಬ್ಬರಿಗೆ ಸಂಬಳ, ಆರೋಗ್ಯ ವಿಮೆ, ಕಚೇರಿ ಬಾಡಿಗೆ ಎಲ್ಲ ಸೇರಿ 70,000 ಹೋಯಿತೆಂದರೆ ಜಾಹೀರಾತಿಗೆ ಉಳಿಯುವುದು 35,000. ಊರಿಗೆ ಜನ ಕರೆಸಬೇಕಾದ ಸಂಸ್ಥೆ ತನ್ನನ್ನು ತಾನು ಸಾಕಿಕೊಳ್ಳುವ ಸಂಸ್ಥೆಯಾಗುತ್ತದೆ. ಈ ಗಾತ್ರದ ಕೌಂಟಿಗೆ ವಾರಕ್ಕೆ 20 ಗಂಟೆಯ ನೌಕರ, ಅಥವಾ ಊರಿನ ವ್ಯಾಪಾರಿಗಳ ಸಂಘವಾದ ಚೇಂಬರ್ ಆಫ್ ಕಾಮರ್ಸ್ ಜೊತೆ ಒಪ್ಪಂದ ಸಾಕು. ಚೇಂಬರ್ ಒಪ್ಪಂದದಲ್ಲಿ ಒಂದು ವಾಕ್ಯ ಮರೆಯಬಾರದು: ಚೇಂಬರಿಗೆ ಚಂದಾ ಕಟ್ಟದ ಕ್ಯಾಬಿನ್ ಕೂಡ ಪಟ್ಟಿಯಲ್ಲಿರಬೇಕು. ತೆರಿಗೆ ಎಲ್ಲರದು, ವೆಬ್‌ಸೈಟಿನಲ್ಲಿ ಹೆಸರು ಸದಸ್ಯರದು ಮಾತ್ರ ಎಂದಾದರೆ ಜಗಳ ಅಲ್ಲಿಂದಲೇ ಶುರು.

ಎರಡನೇ ಹೊಂಡ ಕ್ಯಾಲೆಂಡರಿನದು. ನನ್ನ ಮಟ್ಟಿಗೆ ದೊಡ್ಡದೂ ಇದೇ. ಒಂದು ತಿಂಗಳ ತೆರಿಗೆಯನ್ನು ಮುಂದಿನ ತಿಂಗಳು 20ನೇ ತಾರೀಖಿನೊಳಗೆ ಕಟ್ಟಬೇಕು. ಅಕ್ಟೋಬರ್ ಇಲ್ಲಿನ ಸುಗ್ಗಿ. ಅದರ ತೆರಿಗೆ ನವೆಂಬರ್ 20ಕ್ಕೆ ಬಂದು, ಲೆಕ್ಕವಾಗಿ ಟಿಡಿಎ ಕೈ ಸೇರುವಷ್ಟರಲ್ಲಿ ಡಿಸೆಂಬರ್ ಹತ್ತಿರ. ಅಕ್ಟೋಬರಿಗೆ ಜನ ಬರಬೇಕಾದರೆ ಜಾಹೀರಾತು ಜುಲೈ, ಆಗಸ್ಟ್‌ನಲ್ಲೇ ಓಡಬೇಕು. ಆರ್ಥಿಕ ವರ್ಷ ಶುರುವಾಗುವುದೇ ಜುಲೈ 1ಕ್ಕೆ. ಅಂದರೆ ಈ ಸುಗ್ಗಿಯ ಬಿತ್ತನೆಗೆ ಹೋದ ಸುಗ್ಗಿಯ ಕಾಳನ್ನೇ ಎತ್ತಿಡಬೇಕು. ಕನಿಷ್ಠ ನಾಲ್ಕು ತಿಂಗಳ ಖರ್ಚಿನಷ್ಟು ಮೀಸಲು ಇಲ್ಲದ ಟಿಡಿಎ ಜುಲೈನಲ್ಲಿ ಸುಮ್ಮನೆ ಕೂತು, ಡಿಸೆಂಬರಿನಲ್ಲಿ ದುಡ್ಡು ಬಂತೆಂದು ಸಿಕ್ಕಿದ್ದಕ್ಕೆಲ್ಲ ಸುರಿಯುತ್ತದೆ. ಮೀಸಲು ನೋಡಿ ಕಮಿಷನರ್‌ಗಳು "ಇಷ್ಟು ದುಡ್ಡು ಯಾಕೆ ಸುಮ್ಮನೆ ಬಿದ್ದಿದೆ" ಎಂದು ಕೇಳಿಯೇ ಕೇಳುತ್ತಾರೆ. ತಿಂಗಳವಾರು ಬರುವ ಹಣ, ಹೋಗುವ ಹಣ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಉತ್ತರಕ್ಕೆ ಬಾಯಿ ಬೇಕಾಗಿಲ್ಲ.

ಕಾಗದಪತ್ರದ ಶಿಸ್ತಿನ ಬಗ್ಗೆ ಒಂದು ಮಾತು. ಟಿಡಿಎ ಸರ್ಕಾರಿ ಸಂಸ್ಥೆಯೇ. ಸಭೆ ಬಾಗಿಲು ತೆರೆದೇ ನಡೆಯಬೇಕು, ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ಲಿಖಿತ ಒಪ್ಪಂದದ ಮೇಲೆ, ಬಜೆಟಿನಲ್ಲಿ ಹಣ ಇದೆ ಎಂದು ದೃಢಪಡಿಸುವ ಪೂರ್ವಲೆಕ್ಕದ ಷರಾ ಮತ್ತು ಫೈನಾನ್ಸ್ ಆಫೀಸರ್ ಸಹಿ ಇರಬೇಕು. ಖಾಸಗಿ ಏಜೆನ್ಸಿಯಿಂದ ಹೊಸದಾಗಿ ಬಂದವರು ಎಡವುವುದು ಇಲ್ಲೇ. ಹೆದ್ದಾರಿಯ ಹೋರ್ಡಿಂಗಿಗೆ ಇಮೇಲಿನಲ್ಲೇ "ಆಯ್ತು, ಹಾಕಿ" ಎಂದುಬಿಡುತ್ತಾರೆ. ಬಿಲ್ಲು ಬಂದಾಗ ಆ ಒಪ್ಪಂದಕ್ಕೆ ಕಾನೂನಿನ ಬೆಲೆಯೇ ಇರುವುದಿಲ್ಲ.

ವಸೂಲಿಯಲ್ಲಿ ಸೋರುವುದು ಎಲ್ಲಿ? ಮೋಟೆಲ್‌ಗಳಲ್ಲಿ ಅಷ್ಟಾಗಿ ಅಲ್ಲ. ಏರ್‌ಬಿಎನ್‌ಬಿಯಂಥ ವೇದಿಕೆಗಳು ತೆರಿಗೆಯನ್ನು ತಾವೇ ಹಿಡಿದು ಕಟ್ಟುತ್ತವೆ. ಆದರೆ ಕಟ್ಟುವುದು ಇಡಿಗಂಟಾಗಿ; ಯಾವ ಮನೆ ಎಷ್ಟು ಎಂಬುದು ಕೌಂಟಿಗೆ ಕಾಣುವುದಿಲ್ಲ. ಅದೇ ಮನೆಯ ಮಾಲೀಕರು ಹಳೆಯ ಗಿರಾಕಿಗೆ ಫೋನಿನಲ್ಲೇ ನೇರವಾಗಿ ಕೊಟ್ಟ ವಾರದ ತೆರಿಗೆ ಬರಬೇಕಾದದ್ದು ಮಾಲೀಕರಿಂದ. "ಏರ್‌ಬಿಎನ್‌ಬಿ ಕಟ್ಟುತ್ತದಲ್ಲ" ಎಂದುಕೊಂಡು ಅವರು ಬಿಟ್ಟುಬಿಡುತ್ತಾರೆ. ಹಲವರದು ಮೋಸವಲ್ಲ, ಅಜ್ಞಾನ. ವರ್ಷಕ್ಕೆರಡು ಸಲ ಎಲ್ಲ ಬಾಡಿಗೆ ಮನೆಗಳಿಗೆ ಒಂದು ಪುಟದ ಪತ್ರ ಕಳಿಸಿ, ಆನ್‌ಲೈನ್ ಪಟ್ಟಿಯಲ್ಲಿ ಕಾಣುವ ಮನೆಗಳನ್ನು ತೆರಿಗೆ ಖಾತೆಗಳ ಜೊತೆ ತಾಳೆ ನೋಡಿದರೆ ಸಾಕಷ್ಟು ಹಣ ಹೊರಬೀಳುತ್ತದೆ. ಪೊಲೀಸ್ ಧಾಟಿಯ ಪತ್ರ ಬೇಡ. ಅದೇ ಮನೆಯವರನ್ನು ನಾಳೆ ವೆಬ್‌ಸೈಟಿಗೆ ಫೋಟೋ ಕೊಡಿ ಎಂದು ಕೇಳಬೇಕಾಗುತ್ತದೆ.

ಇನ್ನು ಖರ್ಚು. ಮೊದಲು ಫೋಟೋ. ನಾಲ್ಕೂ ಋತುವಿನಲ್ಲಿ, ಜನರಿರುವ ಚಿತ್ರಗಳು, ಬಳಕೆಯ ಹಕ್ಕು ಶಾಶ್ವತವಾಗಿ ಕೌಂಟಿಗೇ ಎಂದು ಬರೆದ ಒಪ್ಪಂದ. ಎರಡೇ ವರ್ಷದ ಹಕ್ಕಿಗೆ ಒಪ್ಪಿಕೊಂಡು, ಮೂರನೇ ವರ್ಷ ಅದೇ ಜಲಪಾತಕ್ಕೆ ಮತ್ತೆ ದುಡ್ಡು ಕಟ್ಟುವ ಪಾಡು ಬೇಡ. ಆಮೇಲೆ ಗೂಗಲ್ ನಕ್ಷೆಯಲ್ಲಿ ದಾರಿ, ಪಾರ್ಕಿಂಗ್, ತೆರೆಯುವ ಹೊತ್ತು ಸರಿಯಾಗಿದೆಯೇ ಎಂಬ ತಪಾಸಣೆ. ಇದಕ್ಕೆ ಕಾಸಿಲ್ಲ, ಎರಡು ದಿನದ ಕೆಲಸ. ಜಾಹೀರಾತು ಎರಡು-ಮೂರು ಗಂಟೆಯ ಕಾರು ದೂರದ ಊರುಗಳಿಗಷ್ಟೇ: ಅಟ್ಲಾಂಟಾ, ಶಾರ್ಲಟ್, ಗ್ರೀನ್‌ವಿಲ್, ನಾಕ್ಸ್‌ವಿಲ್. ನ್ಯೂಯಾರ್ಕಿನವರನ್ನು ಕರೆಸುವ ಆಸೆ ರಾಜ್ಯ ಸರ್ಕಾರಕ್ಕಿರಲಿ. ರಾಜ್ಯದ ಪ್ರವಾಸೋದ್ಯಮ ಪ್ರಚಾರ ಸಂಸ್ಥೆ ವಿಸಿಟ್ ನಾರ್ತ್ ಕ್ಯಾರೊಲಿನಾ ಸ್ಥಳೀಯರ ಜೊತೆ ಪಾಲು ಹಾಕಿ ಜಾಹೀರಾತು ಕೊಡುತ್ತದೆ. ಅಲ್ಲಿ ಸೇರಿಕೊಂಡರೆ ಸಣ್ಣವರಿಗೂ ದೊಡ್ಡ ಪುಟದಲ್ಲಿ ಜಾಗ.

ಕಾಗದದ ಕಾಲ ಮುಗಿಯಿತು ಎನ್ನುವವರು ಹೆದ್ದಾರಿ ಪಕ್ಕದ ವೆಲ್ಕಮ್ ಸೆಂಟರಿನಲ್ಲಿ ಹತ್ತು ನಿಮಿಷ ನಿಂತು ನೋಡಲಿ. ಗೋಡೆಯುದ್ದಕ್ಕೂ ಗೂಡುಗಳು, ಪ್ರತಿ ಗೂಡಿನಲ್ಲೂ 4 ಇಂಚು ಅಗಲ, 9 ಇಂಚು ಎತ್ತರದ ಕಾರ್ಡು. ಎದುರಿನ ಗೂಡು ಮುಚ್ಚುವುದರಿಂದ ಕಣ್ಣಿಗೆ ಬೀಳುವುದು ಮೇಲಿನ ಮೂರು ಇಂಚು ಮಾತ್ರ. ಅನೇಕ ಕೌಂಟಿಗಳ ಕಾರ್ಡಿನಲ್ಲಿ ಆ ಮೂರು ಇಂಚಿನಲ್ಲಿ ಇರುವುದು ನೀಲಿ ಆಕಾಶ. ಹೆಸರು ಕೆಳಗೆ, ಗೂಡಿನೊಳಗೆ. ಇರಬೇಕಾದದ್ದು ಹೆಸರು ಮೇಲೆ, ಅದರ ಕೆಳಗೆ ಒಂದೇ ಕೆಲಸದ ಮಾತು: "ಮುಂದಿನ ಎಕ್ಸಿಟ್‌ನಿಂದ 25 ನಿಮಿಷ". ಹಿಂಬದಿಯಲ್ಲಿ ನಕ್ಷೆ. ಮುಗಿಯಿತು.

ಹಬ್ಬ, ಜಾತ್ರೆಗಳಿಗೆ ಅನುದಾನ ಕೊಡುವಾಗ ಮನಸ್ಸು ಗಟ್ಟಿ ಬೇಕು. ಅಕ್ಟೋಬರಿನ ಶನಿವಾರ ಊರಲ್ಲಿ ಹೇಗೂ ರೂಮು ಸಿಗುವುದಿಲ್ಲ. ಆ ದಿನದ ಸಂಗೀತೋತ್ಸವಕ್ಕೆ 5,000 ಡಾಲರ್ ಕೊಟ್ಟರೆ ಒಂದು ರಾತ್ರಿಯೂ ಹೆಚ್ಚಾಗದು, ಟ್ರಾಫಿಕ್ ಹೆಚ್ಚಾಗುತ್ತದೆ. ಅದೇ ಹಣ ಫೆಬ್ರವರಿಗೆ ಕೊಡಿ. ಕೊಡುವುದು ಕಾರ್ಯಕ್ರಮ ಮುಗಿದ ಮೇಲೆ, ರಸೀದಿ ಮತ್ತು ಎಷ್ಟು ರೂಮು ತುಂಬಿತು ಎಂಬ ಲೆಕ್ಕ ನೋಡಿ.

ಬಿಡುವಿನ ತಿಂಗಳು ತುಂಬಿಸುವುದಕ್ಕೆ ನಾನು ಮೆಚ್ಚುವ ಉದಾಹರಣೆ ಪಕ್ಕದ ಜ್ಯಾಕ್ಸನ್ ಕೌಂಟಿಯದು. ಟ್ರೌಟ್ ಮೀನು ಹಿಡಿಯಲು ಯೋಗ್ಯವಾದ 15 ಜಾಗಗಳನ್ನು ಪೋಣಿಸಿ ವೆಸ್ಟರ್ನ್ ನಾರ್ತ್ ಕ್ಯಾರೊಲಿನಾ ಫ್ಲೈ ಫಿಶಿಂಗ್ ಟ್ರೇಲ್ ಎಂಬ ನಕ್ಷೆ ಮಾಡಿದರು. ಕಟ್ಟಡವಿಲ್ಲ, ಟಿಕೆಟ್ಟಿಲ್ಲ. ನದಿ ಮೊದಲೇ ಇತ್ತು, ಮೀನು ಬಿಡುವುದು ರಾಜ್ಯದ ವನ್ಯಜೀವಿ ಇಲಾಖೆ. ಕೆಲವು ನೀರುಗಳಲ್ಲಿ ಅಕ್ಟೋಬರ್ 1ರಿಂದ ಜೂನ್ ಆರಂಭದವರೆಗೆ ಹಿಡಿದ ಮೀನನ್ನು ವಾಪಸ್ ಬಿಡಬೇಕೆಂಬ ನಿಯಮ ಇರುವುದರಿಂದ ಚಳಿಗಾಲದಲ್ಲೂ ಮೀನು ಸಿಗುತ್ತದೆ. ಜನವರಿಯ ಚಳಿಯಲ್ಲಿ ಸೊಂಟದವರೆಗೆ ನೀರಲ್ಲಿ ನಿಲ್ಲಲು ತಯಾರಿರುವವರು ಯಾರು ಎಂದರೆ ಈ ಮೀನು ಹಿಡಿಯುವ ಹವ್ಯಾಸಿಗಳೇ. ಮತ್ತು ಬೆಳಗಿನ ಮೀನು ಹಿಡಿಯಬೇಕಾದವರು ಹಿಂದಿನ ರಾತ್ರಿ ಅಲ್ಲೇ ತಂಗಬೇಕು!

ಪ್ರಚಾರದ ಫಲ ಅಳೆಯುವಾಗ ತೆರಿಗೆಯ ಮೊತ್ತವೊಂದನ್ನೇ ನಂಬಬೇಡಿ. ತೆರಿಗೆ ಶೇ. 8 ಏರಿತು ಎಂದು ಪತ್ರಿಕಾ ಹೇಳಿಕೆ ಕೊಡುವ ಮೊದಲು ರಾತ್ರಿಯ ಸರಾಸರಿ ಬಾಡಿಗೆ ಎಷ್ಟು ಏರಿದೆ ನೋಡಿ. ಬಾಡಿಗೆ ಶೇ. 10 ಏರಿದ್ದರೆ ರಾತ್ರಿಗಳು ಇಳಿದಿವೆ ಎಂದರ್ಥ. ಹೋಟೆಲ್‌ಗಳು ಬೆರಳೆಣಿಕೆಯಷ್ಟಿದ್ದರೆ ಉದ್ಯಮದ ದತ್ತಾಂಶ ಕಂಪನಿಗಳು ಗೋಪ್ಯತೆಯ ಕಾರಣಕ್ಕೆ ಪ್ರತ್ಯೇಕ ವರದಿ ಕೊಡುವುದಿಲ್ಲ. ಆಗ ಐದಾರು ಮೋಟೆಲ್‌ಗಳವರಿಂದ ತಿಂಗಳಿಗೆ ಎಷ್ಟು ರೂಮು ಹೋಯಿತೆಂಬ ಒಂದೇ ಸಂಖ್ಯೆ ಕೇಳಿ, ಹೆಸರು ಬಿಟ್ಟು ಒಟ್ಟು ಮಾಡಿದರೆ ಕೆಲಸ ನಡೆಯುತ್ತದೆ.

2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತ ಈ ಬೆಟ್ಟಗಳಿಗೆ ಅಪ್ಪಳಿಸಿತು, ಸುಗ್ಗಿಗೆ ಸರಿಯಾಗಿ ವಾರ ಮುಂಚೆ. ಪಿಜನ್ ನದಿಯ ಕಣಿವೆಯಲ್ಲಿ ಐ-40 ಹೆದ್ದಾರಿ ಕೊಚ್ಚಿಹೋಯಿತು. ದಿಕ್ಕಿಗೊಂದು ಲೇನಿನಂತೆ ಅದು ಮತ್ತೆ ತೆರೆದದ್ದು 2025ರ ಮಾರ್ಚ್ 1ಕ್ಕೆ. ಪಶ್ಚಿಮದ ರಸ್ತೆಗಳೆಲ್ಲ ಮುಚ್ಚಿವೆ ಎಂದೇ ತಿಳಿಯಿರಿ ಎಂದು ರಾಜ್ಯ ಎಚ್ಚರಿಸಿತು. ಜೀವ ಉಳಿಸಲು ಅದು ಬೇಕಿತ್ತು. ಆದರೆ ಬಹುತೇಕ ಪೆಟ್ಟು ತಪ್ಪಿಸಿಕೊಂಡಿದ್ದ ಸ್ವೇನ್‌ನಂಥ ದೂರದ ಕೌಂಟಿಗಳ ಬುಕಿಂಗ್ ಕೂಡ ರದ್ದಾಯಿತು. ಹೊರಗಿನವರಿಗೆ ಬೆಟ್ಟದ ಸೀಮೆಯೆಲ್ಲ ಒಂದೇ ಊರು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗಲೂ ಹೀಗೇ. ಹೆಚ್ಚಿನ ಹಾನಿ ಮಡಿಕೇರಿ, ಸೋಮವಾರಪೇಟೆ ಕಡೆ, ಖಾಲಿಯಾದದ್ದು ಇಡೀ ಜಿಲ್ಲೆ. ಅಲ್ಲಿನ ಹೋಂಸ್ಟೇಗಳವರಿಗೆ ತಮ್ಮದೇ ಆದ ಪ್ರಚಾರ ನಿಧಿ ಇಲ್ಲ. ರೂಮಿನ ಮೇಲಿದ್ದ ರಾಜ್ಯದ ಐಷಾರಾಮ ತೆರಿಗೆ 2017ರಲ್ಲಿ ಜಿಎಸ್‌ಟಿಯೊಳಗೆ ಕರಗಿತು, ಜಿಎಸ್‌ಟಿ ಕೇಂದ್ರಕ್ಕೂ ರಾಜ್ಯಕ್ಕೂ ಹೋಗುತ್ತದೆ.

ಹಾಗಾಗಿ ಟಿಡಿಎ ಬೀರುವಿನಲ್ಲಿ ಎರಡು ಕಾಗದ ಮೊದಲೇ ತಯಾರಿರಲಿ. ಒಂದು, ಎಲ್ಲ ಜಾಹೀರಾತು ಒಪ್ಪಂದಗಳಲ್ಲೂ 24 ಗಂಟೆಯೊಳಗೆ ದಂಡವಿಲ್ಲದೆ ನಿಲ್ಲಿಸಬಹುದೆಂಬ ಷರತ್ತು. ನೆರೆ ಬಂದ ಕೌಂಟಿಯ ಪಕ್ಕದಲ್ಲಿ "ಬನ್ನಿ, ಮಜಾ ಮಾಡಿ" ಎಂಬ ಜಾಹೀರಾತು ಓಡುತ್ತಿರುವುದು ಕಣ್ಣಿಗೆ ಚುಚ್ಚುತ್ತದೆ. ಇನ್ನೊಂದು, ಯಾವ ಊರು ತೆರೆದಿದೆ, ಯಾವ ರಸ್ತೆಯಿಂದ ಬರಬೇಕು, ಯಾವುದರಿಂದ ಬಾರದು ಎಂದು ಹೇಳುವ ಒಂದು ಪುಟ. ಅದನ್ನು ದಿನಕ್ಕೆರಡು ಸಲ, ಬೆಳಿಗ್ಗೆ 9ಕ್ಕೆ ಮತ್ತು ಸಂಜೆ 4ಕ್ಕೆ, ತಾರೀಖು ಹಾಕಿ ಬದಲಿಸುವವರ ಹೆಸರು ಮೊದಲೇ ನಿಗದಿಯಾಗಿರಬೇಕು. ಅವರು ರಜೆಯಲ್ಲಿದ್ದರೆ ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂಬುದೂ.