‘ಬಸದಿ ದೇವಸ್ಥಾನ’ ಎಂದು ಬರೆಯುವ ಮುನ್ನ

ಪ್ರವಾಸಿ ತಾಣಗಳ ಫಲಕ, ಕೈಪಿಡಿಗಳ ಕರಡು ತಿದ್ದುವವರ ಕೆಂಪು ಶಾಯಿ ಹೆಚ್ಚು ಖರ್ಚಾಗುವುದು ‘ಬಸದಿ’ ಎಂಬ ಮೂರಕ್ಷರದ ಮೇಲೆ. ಸಂಸ್ಕೃತದ ‘ವಸತಿ’ಯ ತದ್ಭವವಿದು. ವನ ಬನವಾದಂತೆ ವಕಾರ ಬಕಾರವಾಗಿದೆ, ಭೂತಿ ಬೂದಿಯಾದಂತೆ ತಕಾರ ದಕಾರವಾಗಿದೆ. ತಂಗುವ ಮನೆ ಎಂಬುದು ಮೂಲದ ಅರ್ಥ. ಕನ್ನಡದಲ್ಲಿ ಜಿನಾಲಯ, ಅಂದರೆ ಜೈನ ದೇವಸ್ಥಾನ ಎಂಬ ಅರ್ಥವೇ ನೆಲೆನಿಂತಿತು. ರಾಜಸ್ಥಾನದ ಅಬು ಬೆಟ್ಟದ ಜಿನಾಲಯಗಳಾದ ವಿಮಲ ವಸಹಿ, ಲೂಣ ವಸಹಿಗಳ ‘ವಸಹಿ’ಯೂ ಇದರ ಒಡಹುಟ್ಟೇ. ತತ್ಸಮ ‘ವಸತಿ’ ಮಾತ್ರ ನಮ್ಮಲ್ಲಿ ವಸತಿ ಶಾಲೆ, ವಸತಿಗೃಹಗಳ ಪಾಲಾಗಿದೆ.

ಹಾಗಾಗಿ ‘ಬಸದಿ ದೇವಸ್ಥಾನ’ ಎಂದರೆ ‘ನಡು ಸೆಂಟರ್’ ಅಂದಹಾಗೆ. ಎರಡನೆಯ ಪದ ಹೊಡೆದುಹಾಕಿ. ‘ಜೈನ ಬಸದಿ’ಯಲ್ಲೂ ಅದೇ ದೋಷವಿದೆ, ಆದರೆ ಹೊಸಬರು ಓದುವ ಕೈಪಿಡಿಯಲ್ಲಿ ಮೊದಲ ಸಲ ಒಮ್ಮೆ ಇದ್ದರೆ ಅಡ್ಡಿಯಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ 58 ಅಡಿಯ ಗೊಮ್ಮಟ ಬಯಲಲ್ಲಿ ನಿಂತ ಮೂರ್ತಿ. ಅದಕ್ಕೆ ‘ಗೊಮ್ಮಟ ಬಸದಿ’ ಎಂದು ಬರೆದರೆ ಓದುಗ ಮೇಲೆ ಹತ್ತಿ ಚಾವಣಿ ಹುಡುಕುತ್ತಾನೆ.

ನಿಜವಾದ ಪೇಚಾಟ ಅಂಕಿತನಾಮಗಳದ್ದು. ಶ್ರವಣಬೆಳಗೊಳದ ‘ಭಂಡಾರಿ ಬಸದಿ’ಯನ್ನು ಅನುವಾದಕರು ಖಜಾನೆ ಮಾಡಿಬಿಡುತ್ತಾರೆ. ಅಲ್ಲಿ ಹಣದ ಪೆಟ್ಟಿಗೆ ಇರಲಿಲ್ಲ. ಹೊಯ್ಸಳ ಒಂದನೇ ನರಸಿಂಹನ ಭಂಡಾರಿ, ಅಂದರೆ ಖಜಾನೆಯ ಅಧಿಕಾರಿ, ಹುಳ್ಳ ಅದನ್ನು 1159ರಲ್ಲಿ ಕಟ್ಟಿಸಿದ, ಅದಕ್ಕೆ ಆ ಹೆಸರು. ಇಪ್ಪತ್ತನಾಲ್ಕು ತೀರ್ಥಂಕರರ ಮೂರ್ತಿಗಳಿರುವುದರಿಂದ ಅದಕ್ಕೇ ‘ಚತುರ್ವಿಂಶತಿ ಬಸದಿ’ ಎಂದೂ ಕರೆಯುತ್ತಾರೆ. ಒಂದೇ ಕೈಪಿಡಿಯಲ್ಲಿ ಎರಡೂ ಹೆಸರು ಬಂದರೆ ಓದುಗ ಎರಡು ಕಟ್ಟಡ ಎಂದುಕೊಳ್ಳುತ್ತಾನೆ. ಒಂದನ್ನು ಮುಖ್ಯವಾಗಿಟ್ಟು ಇನ್ನೊಂದನ್ನು ಮೊದಲ ಉಲ್ಲೇಖದಲ್ಲೇ ಆವರಣದೊಳಗೆ ಕೊಡಿ. ‘ಅಕ್ಕನ ಬಸದಿ’ಯ ಅಕ್ಕ ಯಾರ ಒಡಹುಟ್ಟಿದವಳೂ ಅಲ್ಲ, ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ, ಕಾಲ 1181. ಹೆಸರನ್ನು ಅನುವಾದಿಸಬೇಡಿ, ಲಿಪ್ಯಂತರಿಸಿ. ಕೆಳಗೆ ಒಂದು ಸಾಲು ವಿವರಣೆ ಸಾಕು. ಮೂಡುಬಿದಿರೆಗೂ ಇದೇ ಕ್ರಮ: ಜನ ಕೇಳಿಕೊಂಡು ಬರುವುದು ‘ಸಾವಿರ ಕಂಬದ ಬಸದಿ’ಯನ್ನು. ಅದರ ಇನ್ನೊಂದು ಹೆಸರು ‘ತ್ರಿಭುವನ ತಿಲಕ ಚೂಡಾಮಣಿ’ ಎರಡನೇ ಸಾಲಿಗೆ ಹೋಗಲಿ.

ಬಸದಿಯೋ ಬಸ್ತಿಯೋ? ಗ್ರಾಂಥಿಕ ಬರಹಕ್ಕೆ ಬಸದಿ. ಆದರೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ, ಬೆಳಗಾವಿ ಕೋಟೆಯ ಕಮಲ ಬಸ್ತಿ ಹಾಗೇ ಇರಬೇಕು. ‘ಬಸ್ತಿ ಹುಡುಕಿ ಎಲ್ಲ ಬಸದಿ ಮಾಡಿ’ ಎಂದು ಕಂಪ್ಯೂಟರಿಗೆ ಒಪ್ಪಿಸಿದರೆ ಊರಿನ ಹೆಸರೇ ಹೋಗುತ್ತದೆ. ಹಿಂದಿಗೆ ಕಳಿಸುವಾಗ ಇನ್ನೂ ಎಚ್ಚರ ಬೇಕು, ಅಲ್ಲಿ ‘ಬಸ್ತಿ’ ಎಂದರೆ ಜನವಸತಿ, ಕೆಲವೊಮ್ಮೆ ಕೊಳೆಗೇರಿ.

ಕೊನೆಗೆ ಐಹೊಳೆಯ ಮೇಗುಟಿ. 634ರ ರವಿಕೀರ್ತಿಯ ಶಾಸನ ಅದನ್ನು ಕರೆಯುವುದು ‘ಜಿನೇಂದ್ರಭವನ’ ಎಂದು. ಊರವರ ಬಾಯಲ್ಲಿ ಮೇಲಿನ ಗುಡಿ, ಅಂದರೆ ಮೇಗುಡಿ. ಜೈನರದ್ದೆಂದು ಹೆಸರಿನಲ್ಲಿ ‘ಬಸದಿ’ ತುರುಕಲು ಹೋಗಬೇಡಿ. ಫಲಕದಲ್ಲಿ ಮೇಗುಟಿ ಎಂದೇ ಬರಲಿ, ಅದು ಜಿನಾಲಯವೆಂಬ ಮಾತು ವಿವರಣೆಯಲ್ಲಿರಲಿ.