ಕೆಲಸಕ್ಕೆ ಹೋಗುವ ದಾರಿ

ಕೆಲಸಕ್ಕೆ ಹೋಗೋದು ಅಂದ್ರೆ ನಮಗೆ ಬಸ್ಸು, ರೈಲು, ಬೈಕು ಅಷ್ಟೇ ನೆನಪಾಗುತ್ತದೆ, ಅಲ್ವಾ? ಸಮುದ್ರದ ಮಧ್ಯೆ ತೈಲ ತೆಗೆಯುವವರಲ್ಲಿ ಎಷ್ಟೋ ಜನ ಡ್ಯೂಟಿಗೆ ಹೋಗುವುದು ಹೆಲಿಕಾಪ್ಟರಿನಲ್ಲಿ. ಕೇಳೋಕೆ ಭಾರಿ ಅನಿಸುತ್ತದೆ. ಆದರೆ ಅದಕ್ಕೆ ಮುಂಚೆ ಒಂದು ತರಬೇತಿ ಇರುತ್ತದೆ: ಹೆಲಿಕಾಪ್ಟರಿನ ಒಳಭಾಗದಂಥ ಡಬ್ಬದಲ್ಲಿ ಬೆಲ್ಟ್ ಹಾಕಿ ಕೂರಿಸಿ, ಈಜುಕೊಳಕ್ಕೆ ಇಳಿಸಿ, ನೀರೊಳಗೇ ತಲೆಕೆಳಗು ಮಾಡುತ್ತಾರೆ, ಉಸಿರು ಬಿಗಿಹಿಡಿದು, ಒಂದು ಕೈಯಲ್ಲಿ ಕಿಟಕಿ ಹಿಡಿದುಕೊಂಡೇ ಇನ್ನೊಂದರಿಂದ ಬೆಲ್ಟ್ ಬಿಚ್ಚಿ ಹೊರಗೆ ಬರಬೇಕು. ಬರೀ ಕೆಲಸದ ಜಾಗ ತಲುಪೋಕೆ ಇಷ್ಟು!

ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಚಿನ್ನದ ಗಣಿ ಸುಮಾರು 4 ಕಿಲೋಮೀಟರ್ ಆಳ. ಒಂದೇ ಲಿಫ್ಟಿನಲ್ಲಿ ತಳ ಮುಟ್ಟೋಕಾಗಲ್ಲ, ಮಧ್ಯೆ ಇಳಿದು ಇನ್ನೊಂದು ಹತ್ತಬೇಕು. ಬೇಕರಿಯವರು, ಕ್ಲೀನಿಂಗ್ ಕೆಲಸದವರು ಮೊದಲ ಬಸ್ಸು ಬರುವ ಮುಂಚೆಯೇ ಹೊರಟಿರುತ್ತಾರೆ.

ನನ್ನನ್ನು ಜಾಸ್ತಿ ಕಾಡುವುದು ಮಾತ್ರ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವವರು. ಒಬ್ಬರಿಗೆ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಇನ್ನೊಬ್ಬರ ಮನೆಗೆ ಓಡಬೇಕು. ಆ ಓಡಾಟದ ಹೊತ್ತಿಗೆ ಎಷ್ಟೋ ಕಡೆ ಸಂಬಳವೇ ಇಲ್ಲ. ಇದು ಅನ್ಯಾಯ ಅಂತಲೇ ನನಗೆ ಅನಿಸುತ್ತದೆ. 2015ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಇಂಥದ್ದೇ ಜಾಗ ಅಂತ ಇಲ್ಲದ ಕೆಲಸಗಾರರು ಮನೆಯಿಂದ ಮೊದಲ ಗ್ರಾಹಕರ ಹತ್ತಿರ ಹೋಗುವ, ಕೊನೆಯ ಗ್ರಾಹಕರಿಂದ ಮನೆಗೆ ವಾಪಸ್ ಬರುವ ಸಮಯವೂ ಕೆಲಸದ ಸಮಯವೇ ಎಂದು ಹೇಳಿತು. ಅದಕ್ಕೆ ಸಂಬಳ ಎಷ್ಟು ಅನ್ನೋದನ್ನು ಆಯಾ ದೇಶಗಳಿಗೇ ಬಿಟ್ಟಿತು. ಅದನ್ನೂ ಅಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.